ಗುರುವಾರದ ಗಂಟೆಗೆ ದೂರು

ಹಾಲ್ಮಿನ್‌ಸ್ಟರಿಗೆ ಹೊಸದಾಗಿ ಯಾರೇ ಸಂಸಾರ ಹೂಡಲು ಬರಲಿ, ಸಾಮಾನಿನ ಲಾರಿ ಇನ್ನೂ ಬೀದಿಯಲ್ಲಿ ನಿಂತಿರುವಾಗಲೇ ವಿಲ್ಫ್ ಟ್ಯಾಪ್‌ಸ್ಕಾಟ್ ಅವರ ಬಾಗಿಲಲ್ಲಿ ಹಾಜರಾಗುತ್ತಿದ್ದ. ಹಿಂದೆ ಹೆಂಡತಿ ಎನಿಡ್, ಕೈಯಲ್ಲಿ ಟೀ ತಟ್ಟೆ. ಬಂದವರು ಪೆಟ್ಟಿಗೆಗಳ ನಡುವೆ ನಿಂತು ಟೀ ಕುಡಿದು ಮುಗಿಸುವುದರೊಳಗೆ ವಿಲ್ಫ್ ಅವರಿಗೆ ಆ ಊರಲ್ಲಿ ಬದುಕುವ ಬಗೆಯನ್ನೆಲ್ಲ ಹೇಳಿಕೊಟ್ಟು ಮುಗಿಸುತ್ತಿದ್ದ.

"ಬುಧವಾರ, ಶನಿವಾರ ಸಂತೆ. ಆವತ್ತು ಕಾರು ಹೊರಗೆ ತೆಗೀಬೇಡಿ. ತೆಗೆದ್ರೆ ವಾಪಸ್ ಬಂದಾಗ ನಿಲ್ಲಿಸೋಕೆ ಜಾಗ ಇರಲ್ಲ. ಕೆಥೀಡ್ರಲ್ ಆವರಣದ ಗೇಟು ರಾತ್ರಿ ಹತ್ತಕ್ಕೆ ಹಾಕ್ತಾರೆ, ಕೀಲಿಕೈ ಕೇಳಿ ಇಸ್ಕೊಳ್ಳಿ. ಫೆಬ್ರವರೀಲಿ ನೆಲಮಾಳಿಗೆಗೆ ನೀರು ಬರುತ್ತೆ, ಪುಸ್ತಕಗಿಸ್ತಕ ಕೆಳಗಿಡಬೇಡಿ. ಮಾಂಸದಂಗಡೀಲಿ ಬೆಳಿಗ್ಗೆ ಆಡಿದ ಮಾತು ಮಧ್ಯಾಹ್ನದೊಳಗೆ ನಮ್ಮ ಹಿರೀ ಪಾದ್ರಿ ಡೀನ್ ಕಿವಿಗೆ ಬೀಳುತ್ತೆ. ಬೀಳಲಿ ಅಂತಿದ್ರೆ ಮಾತ್ರ ಅಲ್ಲಿ ಮಾತಾಡಿ." ಕೊನೆಗೆ ಒಂದು ಹೆಜ್ಜೆ ಹಿಂದೆ ಸರಿದು, ಮನೆಗಳ ಸಾಲಿನ ತಲೆಯ ಮೇಲೇ ನಿಂತಂತಿದ್ದ ಕೆಥೀಡ್ರಲ್ ಗೋಪುರದ ಕಡೆ ಗಲ್ಲ ಎತ್ತುತ್ತಿದ್ದ. "ಇನ್ನು, ಅದು. ಭಾನುವಾರ ಎರಡು ಹೊತ್ತು, ಮದುವೆ ಇದ್ರೆ ಶನಿವಾರ, ಗುರುವಾರ ಸಾಯಂಕಾಲ ಅಭ್ಯಾಸ. ಗಂಟೆ ಸದ್ದು ತಡ್ಕೊಳೋಕೆ ಆಗದವರು ಈ ಊರಿಗೆ ಬರಬಾರದು. ನಾನು ಹೇಳೋದು ಇಷ್ಟೆ."

ಹೀಗೆ ಹೇಳುವ ಹಕ್ಕು ತನಗಿದೆ ಎಂದು ಅವನು ನಂಬಿದ್ದ. ಹುಟ್ಟಿದ್ದು ಅಲ್ಲೇ, ನದಿಯ ಕಡೆಯ ಇಳಿಜಾರು ಬೀದಿಯಲ್ಲಿ. ಗಂಟೆಯ ಹಗ್ಗ ಮೊದಲು ಹಿಡಿದಾಗ ಅವನ ಕೈ ಎಟುಕದೆ ಪೆಟ್ಟಿಗೆಯ ಮೇಲೆ ನಿಲ್ಲಿಸಿದ್ದರಂತೆ. ದುಡಿಮೆಗೆ ಹಿಡಿದದ್ದು ಗ್ಯಾಸ್ ಪೈಪಿನ ಕೆಲಸ. ಬಿಷಪ್ಪರ ಮನೆಯಿಂದ ಹಿಡಿದು ಬಿಯರ್ ಅಂಗಡಿಯ ಹಿಂದಿನ ಕೋಣೆಯವರೆಗೆ ಅವನು ನೆಲದ ಹಲಗೆ ಎತ್ತದ ಮನೆಯಿರಲಿಲ್ಲ. ನಿವೃತ್ತಿಯಾದ ಮೇಲೂ ಗಂಟೆ ಬಾರಿಸುವ ತಂಡಕ್ಕೆ ಅವನೇ ಮುಖ್ಯಸ್ಥ. ಮನೆ ಚರ್ಚಿನ ಆಡಳಿತದವರದು, ಕಡಿಮೆ ಬಾಡಿಗೆಯದು, ಗೋಪುರದ ಬುಡಕ್ಕೆ ಅಂಟಿಕೊಂಡದ್ದು. ಅಲ್ಲಿಂದ ಗೋಪುರದ ಮೆಟ್ಟಿಲಿನ ಬಾಗಿಲಿಗೆ ಮಳೆಯಲ್ಲೂ ಟೋಪಿಯಿಲ್ಲದೆ ಹೋಗಬಹುದಿತ್ತು.

ಗ್ಯಾಸಿನ ಕೆಲಸ ಅವನಿಗೆ ಇನ್ನೊಂದು ಅಭ್ಯಾಸವನ್ನೂ ಅಂಟಿಸಿತ್ತು. ಯಾರ ಮನೆಗೆ ಹೋದರೂ ಮೊದಲು ಮೂಗರಳಿಸಿ ಒಂದು ಸಲ ಉಸಿರೆಳೆದುಕೊಳ್ಳುವುದು. ಜನರ ವಿಷಯದಲ್ಲೂ ಅಷ್ಟೆ. ಒಬ್ಬರು ಚೆನ್ನಾಗಿ ನಕ್ಕರೆ ಯಾಕೆ ನಕ್ಕರು, ಒಬ್ಬರು ಸೇಬಿನ ಬುಟ್ಟಿ ತಂದುಕೊಟ್ಟರೆ ಏನು ಬೇಕಾಗಿದೆ ಎಂದು ಅವನ ತಲೆ ಓಡುತ್ತಿತ್ತು. ಅದರಲ್ಲೂ ಲಂಡನ್ನಿನಿಂದ ಬಂದವರೆಂದರೆ ಮುಗಿದೇ ಹೋಯಿತು.

"ಅಷ್ಟು ದೊಡ್ಡ ಊರು ಬಿಟ್ಟು ಇಲ್ಲಿಗೆ ಯಾಕೆ ಬರ್ತಾರೆ ಹೇಳು," ಎನ್ನುತ್ತಿದ್ದ ಎನಿಡ್‌ಗೆ.

"ಊರು ಚೆನ್ನಾಗಿದೆ ಅಂತ ಇರಬಹುದು."

"ಊಹೂಂ. ಏನೋ ಇರುತ್ತೆ."

ಆ ಅಕ್ಟೋಬರಿನ ಒಂದು ಗುರುವಾರ, ಅಭ್ಯಾಸ ಮುಗಿದು ಹಗ್ಗಗಳನ್ನು ಸುತ್ತಿ ಕಟ್ಟುತ್ತಿದ್ದಾಗ, ಸುರುಳಿ ಮೆಟ್ಟಿಲಿನಲ್ಲಿ ಏದುಸಿರು ಕೇಳಿಸಿತು. ಮೇಲೆ ಬಂದವರು ಪಾದ್ರಿ ಕ್ಯಾನನ್ ಪೆನ್‌ಫೋಲ್ಡ್. ಕೆಥೀಡ್ರಲಿನ ಪೂಜೆ, ಹಾಡು, ಗಂಟೆ ಎಲ್ಲ ಅವರ ಉಸ್ತುವಾರಿ. ಆದರೂ ಆ ದಪ್ಪ ಮೈ ಹೊತ್ತುಕೊಂಡು ಅಷ್ಟು ಮೆಟ್ಟಿಲು ಹತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಒಳ್ಳೆಯ ಸುದ್ದಿಯಾಗಿದ್ದರೆ ಕೆಳಗೇ ಹೇಳುತ್ತಿದ್ದರು ಎಂದು ವಿಲ್ಫ್‌ಗೆ ಹೊಳೆಯಿತು.

"ಟೌನ್ ಕೌನ್ಸಿಲ್‌ಗೆ ಒಂದು ದೂರು ಹೋಗಿದೆ, ವಿಲ್ಫ್. ಗುರುವಾರದ ಅಭ್ಯಾಸದ ಸದ್ದು ಜಾಸ್ತಿ ಅಂತ."

"ಯಾರು ಕೊಟ್ಟದ್ದು?"

"ಹೆಸರು ಹೇಳೋ ಹಾಗಿಲ್ವಂತೆ. ನನಗೂ ಹೇಳಿಲ್ಲ. ತೀರಾ ಹತ್ತಿರದಲ್ಲಿ ಇರೋರು ಅಂತ ಅಷ್ಟೆ."

ಬಸ್ಸು ಓಡಿಸುವ ಕ್ಲೈವ್ ಪಡ್ಡಿ, ವಿಲ್ಫ್‌ನ ಪಕ್ಕದ ಹಗ್ಗ ಎಳೆಯುವವನು, ನಕ್ಕುಬಿಟ್ಟ. "ನಮ್ಮಜ್ಜನ ಅಜ್ಜನ ಕಾಲದಿಂದ ಬಾರಿಸ್ತಿರೋ ಗಂಟೆ. ಈಗ ಜಾಸ್ತಿ ಆಯ್ತಂತಾ?"

"ಅವರು ಬಂದು ಸದ್ದು ಅಳೀತಾರೆ. ಅಲ್ಲೀವರೆಗೆ ಅರ್ಧ ಗಂಟೆ ಅಭ್ಯಾಸ ಸಾಕು ಅಂತ ಡೀನ್ ಹೇಳ್ತಾರೆ," ಎಂದ ಕ್ಯಾನನ್ ತಕ್ಷಣ ಗೋಡೆ ಹಿಡಿದುಕೊಂಡು ಇಳಿದು ಹೋದರು.

ಮನೆಗೆ ಬಂದಾಗ ಅಡುಗೆಮನೆಯಲ್ಲಿ ರೇಡಿಯೋ ಜೋರಾಗಿ ಹಾಡುತ್ತಿತ್ತು. ಇತ್ತೀಚೆಗೆ ಎನಿಡ್ ಅದನ್ನು ಹಾಗೇ ಜೋರಾಗಿ ಇಡುತ್ತಿದ್ದಳು. ವಿಲ್ಫ್ ಅದನ್ನು ಆರಿಸಿ, ನಡೆದದ್ದನ್ನು ಹೇಳಿದ. ಅವಳು ಅವನಿಗೆ ಬೆನ್ನು ಮಾಡಿ ಪಾತ್ರೆ ತೊಳೆಯುತ್ತಲೇ ಇದ್ದಳು.

"ಯಾರಿರಬಹುದು ಅಂತೀಯ?"

"ನಂಗೇನು ಗೊತ್ತು."

"ನಿಂಗೆ ಸಿಟ್ಟೇ ಬರಲಿಲ್ವಲ್ಲ."

"ಸಾಸೇಜು ಆರಿಹೋಗ್ತಿದೆ. ಕೂತು ತಿನ್ನು."

ಅವನು ತಿನ್ನುತ್ತ ಮನಸ್ಸಿನಲ್ಲೇ ನೆರೆಹೊರೆಯ ಮನೆಗಳ ಬಾಗಿಲು ಒಂದೊಂದಾಗಿ ತಟ್ಟಿದ. ಸಾಲಿನ ಕೊನೆಯ ಮನೆಯ ಮಿಸ್ ಗ್ರೆವಿಲ್ ಕಲ್ಲುಕಿವುಡಿ, ಅವಳ ತಲೆಯ ಮೇಲೇ ಗಂಟೆ ಬಿದ್ದರೂ ತಿರುಗಿ ನೋಡುವವಳಲ್ಲ. ಎದುರಿನ ವಸತಿಗೃಹದ ಟೆರೆನ್ಸ್ ಬಗ್ ತನ್ನ ಹಾಸಿಗೆಗಳನ್ನು ಬಾಡಿಗೆಗೆ ಕೊಡುತ್ತಿದ್ದುದೇ ಗಂಟೆಗಳ ಹೆಸರು ಹೇಳಿಕೊಂಡು. ಉಳಿದದ್ದು ಪಕ್ಕದ ಮನೆ. ವಸಂತದಲ್ಲಿ ಬಂದ ಡಾಕ್ಟರ್ ರೋವೀನಾ ಲೇಸಿ. ಒಂಟಿ ಹೆಣ್ಣು, ಜಿಲ್ಲಾ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ, ಲಂಡನ್ನಿನವಳು. ಅವಳು ಬಂದ ದಿನ ವಿಲ್ಫ್ ಗೋಪುರ ತೋರಿಸಿ ಎಂದಿನ ಮಾತು ಹೇಳಿದಾಗ ಅವಳು ನಕ್ಕಿದ್ದಳು. ಆ ನಗು ಈಗ ಅವನ ಗಂಟಲಿನಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು.

ಒಮ್ಮೆ ಅನುಮಾನ ಹೊಕ್ಕಿತೆಂದರೆ ಸಾಕ್ಷಿಗೆ ಬರವಿಲ್ಲ. ಡಾಕ್ಟರ್ ಮಹಡಿಯ ಕಿಟಕಿಗೆ ದಪ್ಪ ಪರದೆ ಹಾಕಿಸಿದ್ದಳು. ಕಿವಿಗೆ ಇಟ್ಟುಕೊಳ್ಳುವ ಮೇಣದ ಬಿರಡೆ ಕೊಂಡಿದ್ದಳು ಎಂಬುದು ಔಷಧಿ ಅಂಗಡಿಯ ಹುಡುಗಿಯಿಂದ ಕ್ಲೈವನ ಹೆಂಡತಿಗೆ, ಅಲ್ಲಿಂದ ಕ್ಲೈವನಿಗೆ, ಅವನಿಂದ ವಿಲ್ಫ್‌ಗೆ ತಲುಪಿತು. ಮುಂದಿನ ಗುರುವಾರ ಗೋಪುರದ ಸೀಳುಕಿಂಡಿಯಿಂದ ಕೆಳಗೆ ನೋಡಿದಾಗ, ಕರಿ ಪೆಟ್ಟಿಗೆ ಹಿಡಿದ ಮನುಷ್ಯನೊಬ್ಬ ಕೌನ್ಸಿಲ್ಲಿನ ವ್ಯಾನಿನಿಂದ ಇಳಿದು ತಮ್ಮ ಸಾಲಿನ ಕಡೆಗೆ ನಡೆಯುತ್ತಿದ್ದ. ಮರಗಳು ಅಡ್ಡ ಬಂದು ಅವನು ಯಾವ ಬಾಗಿಲು ತಟ್ಟಿದನೆಂದು ಕಾಣಲಿಲ್ಲ.

"ಅವನು ಪಕ್ಕದ ಮನೆಗೆ ಹೋದದ್ದು ನೋಡಿದ್ಯಾ?" ಎಂದು ಬಂದವನೇ ಎನಿಡ್‌ಳನ್ನು ಕೇಳಿದ.

"ನಾನು ಹಿತ್ತಲಲ್ಲಿ ಬಟ್ಟೆ ತೆಗೀತಿದ್ದೆ."

"ಇಷ್ಟು ಹೊತ್ತಲ್ಲಿ?"

"ಮಳೆ ಬರೋ ಹಾಗಿತ್ತು."

ಮಳೆ ಬರುವ ಹಾಗೇನೂ ಇರಲಿಲ್ಲ. ವಿಲ್ಫ್ ಅದನ್ನು ಗಮನಿಸಿದ, ಗಮನಿಸಿದ್ದನ್ನು ಒಂದು ಪಕ್ಕಕ್ಕೆ ಇಟ್ಟುಕೊಂಡ. ಎನಿಡ್ ಇತ್ತೀಚೆಗೆ ಒಂದು ಥರ ಆಗಿದ್ದಳು. ಅವನು ಒಳಗೆ ಬಂದರೆ ಫೋನು ಇಟ್ಟುಬಿಡುತ್ತಿದ್ದಳು, ಕೇಳಿದರೆ ಯಾರೋ ತಪ್ಪು ನಂಬರು ಎನ್ನುತ್ತಿದ್ದಳು. ಕಡಲತೀರದ ಊರಿನಲ್ಲಿದ್ದ ತಂಗಿಯ ಮನೆಗೆ ಹೋಗಬೇಕೆಂದರೆ ಅವಳಿಗೆ ಗುರುವಾರವೇ ಬೇಕು. ಒಂದು ಬೆಳಿಗ್ಗೆ ಅವಳು ಡಾಕ್ಟರಳ ಹಿಂಬಾಗಿಲಿನಿಂದ ಹೊರಗೆ ಬರುವುದನ್ನು ಅವನು ಕಣ್ಣಾರೆ ಕಂಡ.

"ಅಲ್ಲೇನು ಕೆಲಸ ನಿಂಗೆ?"

"ಸಕ್ಕರೆ ಕೊಟ್ಟು ಬಂದೆ."

"ಅವಳು ಕೇಳಿದ್ಲಾ, ನೀನೇ ಕೊಟ್ಯಾ?"

"ಸಕ್ಕರೆಗೂ ಪಂಚಾಯ್ತಿ ಮಾಡ್ತೀಯಲ್ಲ ವಿಲ್ಫ್," ಎಂದು ಅವಳು ಒಳಗೆ ಹೋದಳು. ಆ ಲಂಡನ್ ಹೆಂಗಸು ತನ್ನ ಹೆಂಡತಿಯನ್ನು ಸಿಹಿ ಮಾತಿನಿಂದ ಒಲಿಸಿಕೊಳ್ಳುತ್ತಿದ್ದಾಳೆ, ತನ್ನ ಮನೆಯ ಮಾತು ಆಚೆ ಹೋಗುತ್ತಿದೆ ಎಂದು ವಿಲ್ಫ್ ತೀರ್ಮಾನಿಸಿಕೊಂಡ.

ಮಾರನೆಯ ದಿನ ಅವನು ಮಾಂಸದಂಗಡಿಗೆ ಹೋದ. ಗಲ್ಲಾಪೆಟ್ಟಿಗೆಯ ಹಿಂದೆ ಮಿಸೆಸ್ ಚರ್ಚ್‌ಹೌಸ್, ಎದುರಿಗೆ ಬುಟ್ಟಿ ಹಿಡಿದ ನಾಲ್ಕಾರು ಹೆಂಗಸರು.

"ಏನು ವಿಲ್ಫ್, ಗಂಟೆಗೆ ಬೀಗ ಹಾಕ್ತಾರಂತೆ?"

"ಯಾರು ಹೇಳಿದ್ದು?"

"ಯಾರು ಹೇಳಿಲ್ಲ ಅಂತ ಕೇಳು. ದೂರು ಕೊಟ್ಟ ಪುಣ್ಯಾತ್ಮ ಯಾರು?"

"ನಾನು ಯಾರ ಹೆಸರೂ ಎತ್ತಲ್ಲಮ್ಮ," ಎಂದ ವಿಲ್ಫ್, ಒಳಗೆ ಕುರಿಯ ಮೂತ್ರಪಿಂಡ ತುಂಬಿದ ಮಾಂಸದ ಕಡುಬನ್ನು ಬೆರಳಲ್ಲಿ ತೋರಿಸುತ್ತ. "ಅದೊಂದು ಕೊಡು. ರಾತ್ರಿ ದುಡಿದು ಹಗಲು ಮಲಗೋರು ನಮ್ಮ ಸಾಲಲ್ಲಿ ಯಾರ್ಯಾರಿದ್ದಾರೆ, ನೀನೇ ಲೆಕ್ಕ ಹಾಕ್ಕೋ."

"ಓ," ಎಂದಳು ಅವಳು. ಬುಟ್ಟಿ ಹಿಡಿದವರೂ ಓ ಎಂದರು. ಹೆಸರೆತ್ತಲಿಲ್ಲವೆಂಬ ನೆಮ್ಮದಿಯಿಂದ ವಿಲ್ಫ್ ಕಡುಬು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದ.

ಸಣ್ಣ ಊರಿನಲ್ಲಿ ಯಾರನ್ನೂ ಬೈಯಬೇಕಾಗಿಲ್ಲ, ಮಾತು ನಿಲ್ಲಿಸಿದರೆ ಸಾಕು. ಡಾಕ್ಟರ್ ಲೇಸಿ ಬೇಕರಿಗೆ ಹೋದರೆ ಅವಳು ಕೇಳುವ ಬ್ರೆಡ್ಡು ಅದೇ ತಾನೇ ಮುಗಿದಿರುತ್ತಿತ್ತು. ಅಂಚೆ ಕಚೇರಿಯ ಸಾಲಿನಲ್ಲಿ ಅವಳ ಹಿಂದೆ ನಿಂತವರು ಹವೆಯ ಮಾತನ್ನೂ ಆಡುತ್ತಿರಲಿಲ್ಲ. ಅವಳು ಪಾಳಿಯಲ್ಲಿದ್ದಾಗ ಕಸದ ಡಬ್ಬಿಯನ್ನು ಬೀದಿಗೆ ಎಳೆದಿಟ್ಟು ಮತ್ತೆ ಒಳಗಿಡುತ್ತಿದ್ದವನು ವಿಲ್ಫ್. ಈಗ ಅದು ಉಕ್ಕಿ, ಗುಳ್ಳೆನರಿ ಕೆದರಿ, ಮೆಟ್ಟಿಲ ಮೇಲೆಲ್ಲ ಚೆಲ್ಲಿ ಬಿದ್ದಿತ್ತು. ಅವನು ಅದನ್ನು ದಾಟಿಕೊಂಡು ಹೋಗುತ್ತಿದ್ದ.

ನವೆಂಬರಿನ ಶನಿವಾರ ಒಂದು ಮದುವೆ ಇತ್ತು. ಹೆಣ್ಣುಗಂಡು ಕಾರು ಹತ್ತಿ ಹೊರಟಮೇಲೆ ಗಂಟೆ ನಿಲ್ಲಿಸುವುದು ವಾಡಿಕೆ. ಅಂದು ಡಾಕ್ಟರ್ ಬೆಳಿಗ್ಗೆ ತಾನೇ ಪಾಳಿ ಮುಗಿಸಿ ಬಂದು ಪರದೆ ಎಳೆದುಕೊಂಡದ್ದನ್ನು ವಿಲ್ಫ್ ನೋಡಿದ್ದ. ಕಾರು ಹೋಯಿತು. "ನಿಲ್ಲಿಸೋಣ್ವಾ?" ಎಂದ ಕ್ಲೈವ್. "ಇನ್ನೊಂದಿಷ್ಟು ಎಳೀರಿ. ಶನಿವಾರಕ್ಕೆ ಅರ್ಧ ಗಂಟೆ ಅಂತ ಯಾರೂ ಹೇಳಿಲ್ಲ," ಎಂದ ವಿಲ್ಫ್. ಎಲ್ಲರಿಗೂ ಅರ್ಥವಾಗಿ, ಎಲ್ಲರೂ ಹಲ್ಲು ಕಿರಿದು, ಸಭಾಂಗಣದಲ್ಲಿ ಮದುವೆಯವರ ಊಟ ಮುಗಿಯುವವರೆಗೂ ಎಳೆದರು. ವಿಲ್ಫ್‌ನ ಭುಜ ಕಿತ್ತುಬರುತ್ತಿತ್ತು. ಆದರೂ ಮೆಟ್ಟಿಲಿಳಿದು ಬರುವಾಗ ಎದೆ ಹಗುರವಾಗಿತ್ತು.

ಮನೆಯಲ್ಲಿ ಎನಿಡ್ ಇರಲಿಲ್ಲ. ಮೇಜಿನ ಮೇಲೆ ಅರ್ಧ ಹೆಚ್ಚಿದ ಲೀಕ್ ಸೊಪ್ಪು, ಪಕ್ಕದಲ್ಲಿ ಚಾಕು. ಸಾಯಂಕಾಲದ ಬಸ್ಸಿನಲ್ಲಿ ಅವಳು ವಾಪಸು ಬಂದಳು. ಕೋಟಿನ ಗುಂಡಿಯೆಲ್ಲ ತಪ್ಪು ತೂತಿಗೆ ಹಾಕಿಕೊಂಡಿದ್ದಳು.

"ಎಲ್ಲಿಗೆ ಹೋಗಿದ್ದೆ?"

"ಬಸ್ಸು ಎಲ್ಲಿಗೆ ಹೋಯ್ತೋ ಅಲ್ಲಿಗೆ."

ಹೆಚ್ಚಿಗೆ ಕೇಳಬೇಕೆಂದುಕೊಂಡ. ಅವಳ ಮುಖ ನೋಡಿ, ಕೋಟು ಇಸಿದುಕೊಂಡು ಮೊಳೆಗೆ ತಗುಲಿಹಾಕಿದ. ಏನೋ ಕಾಯಿಲೆ ಇದೆ, ನನ್ನಿಂದ ಮುಚ್ಚಿಡುತ್ತಿದ್ದಾಳೆ ಎಂಬ ಭಯ ಅಂದು ಮೊದಲ ಸಲ ಅವನಿಗೆ ಬಂತು. ಅದಕ್ಕೂ ಪಕ್ಕದ ಮನೆಯವಳೇ ಕಾರಣ ಎಂಬಂತೆ ಅವನ ಸಿಟ್ಟು ಅತ್ತ ಕಡೆಗೇ ತಿರುಗಿತು.

ಸೋಮವಾರ ಬೆಳಿಗ್ಗೆ ಡಾಕ್ಟರಳ ಕಡುನೀಲಿ ಬಾಗಿಲ ಮೇಲೆ ಯಾರೋ ಸೀಮೆಸುಣ್ಣದಿಂದ "ಬಂದ ಕಡೆಗೇ ಹೋಗು" ಎಂದು ಬರೆದಿದ್ದರು. ವಿಲ್ಫ್ ಬರೆದದ್ದಲ್ಲ. ಓದಿದ, ನಿಂತ, ಒರೆಸಲಿಲ್ಲ.

ಅವನು ತಿಂಡಿಗೆ ಕೂತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಎನಿಡ್ ತೆರೆದಳು. ಡಾಕ್ಟರ್ ಲೇಸಿ ಆಸ್ಪತ್ರೆಯ ಬಟ್ಟೆಯಲ್ಲೇ ನಿಂತಿದ್ದಳು, ಬೆರಳಿಗೆಲ್ಲ ಸುಣ್ಣ.

"ಮಿಸ್ಟರ್ ಟ್ಯಾಪ್‌ಸ್ಕಾಟ್, ಒಂದೇ ಮಾತು ಹೇಳಿ ಹೋಗ್ತೀನಿ. ಗಂಟೆ ವಿಷಯಕ್ಕೆ ದೂರು ಕೊಟ್ಟದ್ದು ನಾನಲ್ಲ."

ವಿಲ್ಫ್ ಕುರ್ಚಿಯಿಂದ ಏಳಲಿಲ್ಲ. "ನೀವು ಅಂತ ನಾನು ಯಾರಿಗೂ ಹೇಳಿಲ್ವಲ್ಲ."

"ಹೇಳಿಲ್ಲ. ಆದ್ರೂ ಊರಿಗೆಲ್ಲ ಗೊತ್ತಾಗಿದೆ. ನಾನು ಬೆಳೆದದ್ದು ರೈಲು ಹಳಿ ಪಕ್ಕದ ಮನೇಲಿ. ಕಿವಿಗೆ ಬಿರಡೆ ಇಟ್ಕೊಂಡ್ರೆ ನಂಗೆ ಪ್ರಳಯ ಆದ್ರೂ ಎಚ್ಚರ ಆಗಲ್ಲ. ಬಂದ ದಿನ ನಿಮ್ಮ ಮಾತಿಗೆ ನಾನು ನಕ್ಕಿದ್ದೂ ಅದಕ್ಕೇ."

"ಹಾಗಾದ್ರೆ ಇನ್ಯಾರು?"

ಡಾಕ್ಟರ್ ಬೆರಳಿನ ಸುಣ್ಣ ಬಟ್ಟೆಗೆ ಒರೆಸಿಕೊಂಡಳು. ಕಣ್ಣು ನೆಲದ ಮೇಲಿತ್ತು. "ಅದು ನಾನು ಹೇಳೋ ಮಾತಲ್ಲ," ಎಂದು ತಿರುಗಿ ಹೋದಳು.

ಬಾಗಿಲು ಮುಚ್ಚಿದ ಮೇಲೆ ವಿಲ್ಫ್ ನಕ್ಕ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು. ತಪ್ಪಿಲ್ಲದೋರು ಇಷ್ಟು ಬೆಳಿಗ್ಗೆ ಬಂದು ಬಾಗಿಲು ಬಡೀತಾರಾ?"

ಎನಿಡ್ ಬಾಗಿಲಿಗೇ ಒರಗಿ ನಿಂತಿದ್ದಳು.

"ಅವಳಲ್ಲ, ವಿಲ್ಫ್."

"ನಿಂಗೆ ಹೇಗೆ ಗೊತ್ತು?"

"ದೂರು ಕೊಟ್ಟವಳು ನಾನು."

ವಿಲ್ಫ್‌ಗೆ ಮೊದಲು ಆ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಚಮಚೆಯನ್ನು ತಟ್ಟೆಯ ಪಕ್ಕ ನೇರವಾಗಿ ಇಟ್ಟ, ಮತ್ತೆ ಎತ್ತಿ ಇನ್ನೊಂದು ಪಕ್ಕ ಇಟ್ಟ. ಆಮೇಲೆ ಅವನ ಬಾಯಿಂದ ಬಂದದ್ದು ಅವನ ಹಳೆಯ ಅಭ್ಯಾಸದ ಮಾತೇ.

"ಯಾರು ಹೇಳಿಕೊಟ್ರು ನಿಂಗೆ? ಅವಳಾ?"

"ಯಾರೂ ಹೇಳಿಕೊಡಲಿಲ್ಲ." ಅವಳು ಬಂದು ಎದುರಿಗೆ ಕೂತಳು. "ನಂಗೆ ಎರಡು ವರ್ಷದಿಂದ ಎಡ ಕಿವಿಯೊಳಗೆ ಸದ್ದು, ಕೇಳಿಸೋದೂ ಕಮ್ಮಿ. ಗುಂಯ್ ಅಂತ. ನೀನು ಗುರುವಾರ ಗಂಟೆ ನಿಲ್ಲಿಸಿ ಕೆಳಗೆ ಬರ್ತೀಯಲ್ಲ, ನಂಗೆ ಅದು ನಿಲ್ಲಲ್ಲ. ನೀನು ಊಟಕ್ಕೆ ಕೂತಾಗ ಬಾರಿಸ್ತಿರುತ್ತೆ. ನೀನು ನಿದ್ದೆ ಮಾಡುವಾಗ ಬಾರಿಸ್ತಿರುತ್ತೆ. ಶುಕ್ರವಾರ ಪೂರ್ತಿ ಬಾರಿಸಿ ಶನಿವಾರಕ್ಕೆ ಒಂದಿಷ್ಟು ಇಳಿಯುತ್ತೆ. ಭಾನುವಾರ ಮತ್ತೆ. ಅದು ಕೇಳಿಸದೇ ಇರ್ಲಿ ಅಂತ ರೇಡಿಯೋ ಹಾಕ್ತೀನಿ."

"ಒಂದು ಮಾತು ನಂಗೆ ಹೇಳಬಾರದಿತ್ತಾ?"

"ಹೇಗೆ ಹೇಳ್ಲಿ?" ಅವಳ ಧ್ವನಿ ಏರಲಿಲ್ಲ. "ಈ ಸಾಲಿಗೆ ಯಾರು ಬಂದ್ರೂ ನೀನು ಹೇಳ್ತೀಯಲ್ಲ, ಗಂಟೆ ತಡ್ಕೊಳೋಕೆ ಆಗದವರು ಈ ಊರಲ್ಲಿ ಇರಬಾರದು ಅಂತ. ಪ್ರತಿ ಸಲಾನೂ ನಾನು ಟೀ ತಟ್ಟೆ ಹಿಡ್ಕೊಂಡು ನಿನ್ನ ಹಿಂದೇನೇ ನಿಂತಿರ್ತೀನಿ. ನಿನ್ನ ಮುಖ ನೋಡಿ ಹೇಳೋದಕ್ಕಿಂತ ಕೌನ್ಸಿಲ್‌ಗೆ ಫೋನ್ ಮಾಡೋದು ಸುಲಭ ಅನ್ನಿಸ್ತು ವಿಲ್ಫ್. ಮಾಡಿದ ಮೇಲೆ ಸುಲಭ ಇರಲಿಲ್ಲ."

ಕರಿ ಪೆಟ್ಟಿಗೆಯವನು ಬಂದು ಕೂತದ್ದು ತನ್ನದೇ ಮಹಡಿಯ ಹಿಂದಿನ ಕೋಣೆಯಲ್ಲಿ. ಸಕ್ಕರೆಯ ನೆವದಲ್ಲಿ ಎನಿಡ್ ಪಕ್ಕದ ಮನೆಗೆ ಹೋದದ್ದು ಕಿವಿ ತೋರಿಸಲು. ಡಾಕ್ಟರ್ ದೀಪ ಹಾಕಿ ನೋಡಿ, ಕಿವಿಯ ತಜ್ಞರಲ್ಲಿಗೆ ಹೋಗಲು ಹೇಳಿದ್ದಳು. ಮಿಕ್ಕದ್ದನ್ನು ಅವಳೇ ಊಹಿಸಿಕೊಂಡಿದ್ದಳು. ಬೇಕರಿಯವಳು ಬ್ರೆಡ್ಡು ಮುಗಿಯಿತೆಂದಾಗ, ಬಾಗಿಲ ಮೇಲೆ ಸುಣ್ಣ ಬಿದ್ದಾಗ, ಇಂದು ಈ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಾಗ ಒಂದು ಹೆಸರು ಹೇಳಿದ್ದರೆ ಅವಳ ತಲೆಯ ಭಾರ ಇಳಿಯುತ್ತಿತ್ತು. ಅವಳು ಹೇಳಿರಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಕತೆ ವಿಲ್ಫ್‌ನದಾಗಿತ್ತು. ಹುಡುಕುವ ಭರದಲ್ಲಿ ಅವನು ದಾರಿಯಲ್ಲಿದ್ದವರನ್ನು ತುಳಿದೂ ಬಿಟ್ಟಿದ್ದ.

"ಶನಿವಾರ," ಎಂದ ಅವನು. "ಮದುವೆ ದಿನ."

"ಹೂಂ."

"ನಾನು ಬೇಕೂಂತಲೇ ಎಳೆಸಿದ್ದು."

"ಗೊತ್ತು. ನಿನ್ನ ಗಂಟೆ ಸದ್ದು ನಂಗೆ ಗುರುತು ಸಿಗಲ್ವಾ? ಸಿಟ್ಟಲ್ಲಿ ಎಳೆದ್ರೆ ನೀನು ಯಾವಾಗ್ಲೂ ಒಂಚೂರು ಮುಂಚೆ ಹೊಡೀತೀಯ."

ಅವನು ಎದ್ದು ಪಾತ್ರೆ ತೊಳೆಯುವ ಬಟ್ಟೆ ಒದ್ದೆ ಮಾಡಿಕೊಂಡು ಹೊರಗೆ ಹೋದ. ಡಾಕ್ಟರ್ ಅರ್ಧ ಒರೆಸಿ ಬಿಟ್ಟಿದ್ದ ಅಕ್ಷರಗಳನ್ನು ಉಜ್ಜಿದ. ಉಜ್ಜಿದಷ್ಟೂ ಬಿಳಿ ಹರಡಿತು. ಬೀದಿಯಲ್ಲಿ ಟೆರೆನ್ಸ್ ಬಗ್ ತನ್ನ ಅತಿಥಿಗಳ ಪೆಟ್ಟಿಗೆ ಇಳಿಸುತ್ತ ನಿಂತು ನೋಡಿದ. ವಿಲ್ಫ್ ಬಾಗಿಲು ತಟ್ಟಿದ.

"ತಪ್ಪಾಯ್ತು," ಎಂದ, ಡಾಕ್ಟರ್ ತೆರೆದಾಗ. 

"ಅವರು ಹೇಳಿದ್ರಾ?"

"ಹೇಳಿದ್ಲು."

"ಸರಿ. ನಾನೀಗ ಮಲಗಬೇಕು, ಮಿಸ್ಟರ್ ಟ್ಯಾಪ್‌ಸ್ಕಾಟ್." ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಅವನು ಅಲ್ಲೇ ನಿಂತು ಅವಳ ಕಸದ ಡಬ್ಬಿಯ ಸುತ್ತ ಚೆಲ್ಲಿದ್ದನ್ನು ಬಾಚಿದ.

ಆದರೆ ತಪ್ಪಾಯ್ತು ಎಂದ ಮಾತ್ರಕ್ಕೆ ಊರು ಡಾಕ್ಟರಳಿಗೆ ಬ್ರೆಡ್ಡು ಕೊಡುವುದಿಲ್ಲ. ಅವಳ ಹೆಸರು ತೊಳೆಯಬೇಕಾದರೆ ಮತ್ತೊಂದು ಹೆಸರು ಹೇಳಬೇಕು. ಎನಿಡ್‌ಳ ಹೆಸರು ಮಾಂಸದಂಗಡಿಗೆ ಬಿದ್ದರೆ ಏನಾಗುತ್ತದೆಂದು ವಿಲ್ಫ್‌ನಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ. ಮೂರು ದಿನ ಅವನು ಮನೆಯಿಂದ ಹೊರಗೆ ಹೋಗಲಿಲ್ಲ. ಎನಿಡ್, "ನಾನೇ ಹೋಗಿ ಹೇಳ್ತೀನಿ ಬಿಡು," ಎಂದಳು. "ಬೇಡ," ಎಂದ.

ಗುರುವಾರ ಸಾಯಂಕಾಲ, ಎಲ್ಲರೂ ಗೋಪುರದ ಕೋಣೆಯಲ್ಲಿ ಹಗ್ಗ ಬಿಚ್ಚುತ್ತಿದ್ದಾಗ, ಅವನು ಗೋಡೆಯ ಕಡೆ ನೋಡುತ್ತ ಹೇಳಿದ: "ದೂರು ಕೊಟ್ಟದ್ದು ಡಾಕ್ಟರಲ್ಲ. ನಮ್ಮನೆಯಿಂದ ಹೋದದ್ದು. ಅಂಗಡೀಲಿ ನಾನು ಆಡಿದ್ದು ಸುಳ್ಳು ಮಾತು, ಹಾಗಂತ ಎಲ್ಲರಿಗೂ ಹೇಳಿ."

ಕ್ಲೈವ್ ಪಡ್ಡಿ ತಮಾಷೆ ಎಂದುಕೊಂಡು ನಗಲು ಬಾಯಿ ತೆರೆದ. ವಿಲ್ಫ್‌ನ ಮುಖ ನೋಡಿ ಮುಚ್ಚಿದ.

"ನಿಮ್ಮನೆಯಿಂದ ಅಂದ್ರೆ? ನೀನೇನಾ?"

"ನಮ್ಮನೆಯಿಂದ ಅಂದೆ. ಅಷ್ಟೇ ಹೇಳೋದು."

"ನಿನ್ನ ಭುಜ ನೋಯ್ತಿತ್ತು ಅಂತ ಗೊತ್ತು ಕಣಯ್ಯಾ. ನನ್ನ ಕೈಲಿ ಇನ್ನು ಆಗಲ್ಲ ಅಂದಿದ್ರೆ ಸಾಕಿತ್ತು. ಕೌನ್ಸಿಲ್‌ವರೆಗೆ ಹೋಗಬೇಕಿತ್ತಾ? ಅದರ ಮೇಲೆ ಆ ಹೆಣ್ಣಿನ ತಲೆಗೆ ಕಟ್ಟಿದೆ."

ವಿಲ್ಫ್‌ಗೆ ಅರ್ಥವಾಯಿತು. ವಯಸ್ಸಾದ ಮುಖ್ಯಸ್ಥ, ಕುರ್ಚಿ ಬಿಡಲು ಮನಸ್ಸಿಲ್ಲ, ಹಗ್ಗ ಎಳೆಯಲು ತೋಳಿಲ್ಲ, ಅದಕ್ಕೆ ಕಳ್ಳದಾರಿ ಹಿಡಿದ: ಕತೆ ಎಷ್ಟು ಚೆನ್ನಾಗಿ ಹೊಂದಿಕೊಳ್ಳುತ್ತಿತ್ತೆಂದರೆ ತಾನೇ ಕೇಳುಗನಾಗಿದ್ದರೂ ನಂಬುತ್ತಿದ್ದ. ಅಲ್ಲವೆನ್ನಲು ಒಂದು ಮಾತು ಸಾಕಿತ್ತು. ಅವನು ಆ ಮಾತನ್ನು ಆಡಲಿಲ್ಲ.

ಮಧ್ಯಾಹ್ನ ಕಾಯುವ ಗೋಜಿಲ್ಲದೆ ಸುದ್ದಿ ಅಂದೇ ಊರು ಸುತ್ತಿತು. ಬೇಕರಿಯಲ್ಲಿ ಡಾಕ್ಟರಳಿಗೆ ಬ್ರೆಡ್ಡು ಸಿಕ್ಕಿತು, ಜೊತೆಗೆ ಒಂದು ಬನ್ನು ಹೆಚ್ಚಿಗೆ. ವಿಲ್ಫ್ ಮಾಂಸದಂಗಡಿಯ ಬಾಗಿಲು ತಳ್ಳಿದಾಗ ಒಳಗಿನ ಮಾತು ಕತ್ತರಿಸಿದ ಹಾಗೆ ನಿಂತಿತು. ಮಿಸೆಸ್ ಚರ್ಚ್‌ಹೌಸ್ ಅವನು ಕೇಳಿದ್ದನ್ನು ತೂಗಿ ಕೊಟ್ಟಳು, ಏನು ವಿಲ್ಫ್ ಎನ್ನಲಿಲ್ಲ. ತಂಡಕ್ಕೆ ಕ್ಲೈವ್ ಮುಖ್ಯಸ್ಥನಾದ. ವಿಲ್ಫ್ ಅವನ ಕೈಕೆಳಗೆ ಬಾರಿಸುತ್ತ ಹೋದ. ಅವನು ಯಾಕೆ ಇನ್ನೂ ಬರುತ್ತಾನೆ, ಇದರಲ್ಲಿ ಏನೋ ಇರಬೇಕು ಎಂದು ಕೆಲವರು ಆಡಿಕೊಂಡರು.

ಕೌನ್ಸಿಲ್ಲಿನವರು ಅಳತೆ ಮುಗಿಸಿ, ಅಪ್ಪಣೆ ಏನೂ ಹೊರಡಿಸದೆ, ಗೋಪುರದ ಕಿಂಡಿಗಳಿಗೆ ಮರದ ಮುಚ್ಚುಹಲಗೆ ಹಾಕಿಸಿ ಅಭ್ಯಾಸದ ದಿನ ಮುಚ್ಚಿಕೊಂಡರೆ ಒಳ್ಳೆಯದೆಂದು ಸಲಹೆ ಕೊಟ್ಟರು. ಹಲಗೆ ಹೊಡೆದವರಲ್ಲಿ ವಿಲ್ಫ್ ಒಬ್ಬ. ಆದರೂ ಗೋಪುರದ ಬುಡದ ಮನೆಗೆ ಅದು ಸಾಲದೆಂದು ಅವನೇ ಕ್ಯಾನನ್ ಬಳಿ ಹೋಗಿ, ಬೇರೆ ಮನೆ ಕೇಳಿದ. ರೈಲು ನಿಲ್ದಾಣದ ಆಚೆ, ಊರಿನವರು ಊರೆಂದು ಲೆಕ್ಕಕ್ಕೇ ಹಿಡಿಯದ ಕಡೆ, ಚರ್ಚಿನದೊಂದು ಸಣ್ಣ ಮನೆ ಖಾಲಿಯಿತ್ತು. ಕ್ಯಾನನ್ ಕಾರಣ ಕೇಳಲಿಲ್ಲ. ಅವರ ಕಣ್ಣಿನಲ್ಲೂ ಆ ಭುಜದ ಕತೆ ಇದ್ದದ್ದನ್ನು ವಿಲ್ಫ್ ಕಂಡ.

ಎನಿಡ್‌ಳ ಕಿವಿಯ ಸದ್ದು ಪೂರ್ತಿ ಹೋಗಲಿಲ್ಲ. ತಜ್ಞರು ಅದು ಹೋಗುವುದಲ್ಲ ಎಂದೇ ಹೇಳಿದ್ದರು. ಹೊಸ ಮನೆಯಲ್ಲಿ ಅದು ಮಳೆಗಾಲದ ಕೀಟದಷ್ಟು ಸಣ್ಣದಾಯಿತು. ರೇಡಿಯೋ ಮೆಲ್ಲಗೆ ಹಾಡತೊಡಗಿತು. ಗುರುವಾರ ವಿಲ್ಫ್ ಊರಿನುದ್ದಕ್ಕೂ ನಡೆದುಕೊಂಡು ಹೋಗಿ ಬರುತ್ತಿದ್ದ. ಒಂದೊಂದು ಸಲ ಅವಳು, "ಇವತ್ತು ಹೇಗಿತ್ತು?" ಎಂದು ಕೇಳುತ್ತಿದ್ದಳು. ಮೊದಮೊದಲು ಅವಳು ಯಾಕೆ ಕೇಳುತ್ತಾಳೆಂದು ಅವನು ಅವಳ ಮುಖವನ್ನು ಹುಡುಕುತ್ತಿದ್ದ. ಆಮೇಲೆ ಹೇಳಲು ಕಲಿತ.

ಎರಡನೆಯ ವಸಂತದಲ್ಲಿ ಡಾಕ್ಟರ್ ಲೇಸಿ ಮನೆ ಮಾರಿದಳು. ದೊಡ್ಡ ಆಸ್ಪತ್ರೆಯಲ್ಲಿ ಒಳ್ಳೆಯ ಕೆಲಸ ಸಿಕ್ಕಿತೆಂದು ಎನಿಡ್‌ಗೆ ಹೇಳಿದಳಂತೆ. ಸಾಮಾನು ಹೇರುವ ದಿನ ವಿಲ್ಫ್ ಹೋಗಿ 'ಪುಸ್ತಕ' ಎಂದು ಬರೆದ ಪೆಟ್ಟಿಗೆಗಳನ್ನು ಹೊತ್ತ. ಅವಳು ಬೇಡವೆನ್ನಲಿಲ್ಲ, ಮಾತನ್ನೂ ಬೆಳೆಸಲಿಲ್ಲ. ಲಾರಿಯ ಬಾಗಿಲು ಹಾಕಿದ ಮೇಲೆ ಕೈ ಕುಲುಕಿದಳು.

"ಹೋಗ್ತಿರೋದು ಕೆಲಸಕ್ಕೇ ತಾನೇ?" ಎಂದು ಅವನು ಕೇಳಿಯೇಬಿಟ್ಟ.

"ಒಳ್ಳೆ ಕೆಲಸ," ಎಂದಳು ಡಾಕ್ಟರ್.

ಅದು ಅವನು ಕೇಳಿದ್ದಕ್ಕೆ ಉತ್ತರವೋ ಅಲ್ಲವೋ ಎಂದು ಅವನಿಗೆ ತಿಳಿಯಲಿಲ್ಲ. ಮನೆಗೆ ಬಂದು ಎನಿಡ್‌ಗೆ ಹೇಳಿದ. ಅವಳು ಆಲೂಗಡ್ಡೆ ಸುಲಿಯುತ್ತ ಕೂತಿದ್ದವಳು ಚೆನ್ನಾಗಿ ಕೇಳಿಸುವ ಕಿವಿಯನ್ನು ಅವನ ಕಡೆಗೆ ತಿರುಗಿಸಿದಳು.

"ನಮ್ಮಿಂದಲೇ ಹೋದ್ಲು ಅನ್ಸುತ್ತಾ ನಿಂಗೆ?"

"ಗೊತ್ತಿಲ್ಲ ವಿಲ್ಫ್," ಎಂದಳು. "ನಂಗೂ ಅದೇ ಅನುಮಾನ."

ಅವನು ಇನ್ನೊಂದು ಚಾಕು ತೆಗೆದುಕೊಂಡು ಅವಳ ಎದುರಿಗೆ ಕೂತು ಸುಲಿಯತೊಡಗಿದ.